ಹಾರ್ನ್ ಮುಟ್ಟದ ಎರಡು ತಿಂಗಳು

ಅಕ್ಟೋಬರ್ 6, ಸೋಮವಾರ

ಬರೆಯಬೇಕಂತೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಸಿದು ಕಿಟಕಿಯ ಹೊರಗೆ ಎಸೆದು ಮನೆಗೆ ಬಂದವಳು ನಾನು. ಆಮೇಲೆ ಬರೆದದ್ದೆಂದರೆ ಸಾಮಾನಿನ ಚೀಟಿ ಮಾತ್ರ, ಬೆಲ್ಲ ಇಷ್ಟು, ಕಡ್ಲೆಬೇಳೆ ಇಷ್ಟು ಎಂದು. ಈಗ ಅರವತ್ತನಾಲ್ಕನೇ ವಯಸ್ಸಿನಲ್ಲಿ ತಮ್ಮನ ಮಗ ಶ್ರೇಯಾಂಸ್ ಕಾಠ್ಮಂಡುವಿನಲ್ಲಿ ಕುಳಿತು ಫೋನಿನಲ್ಲಿ ಅಪ್ಪಣೆ ಕೊಡುತ್ತಾನೆ.

"ಅತ್ತೆ, ಗಾಡಿ ತೆಗೆದ ದಿನ ಎಲ್ಲ ಬರೀರಿ. ಬಾಯಲ್ಲಾದ್ರೆ ನೀವು ಸುಳ್ಳು ಹೇಳ್ತೀರಿ. ಬರೆಯುವಾಗ ನಿಮಗೇ ನಾಚಿಕೆ ಆಗ್ತದೆ."

ಬರೆಯುತ್ತೇನೆ ಎಂದೆ. ತೋರಿಸುತ್ತೇನೆ ಎಂದು ಹೇಳಲಿಲ್ಲ.

ಸಂಗತಿ ಇಷ್ಟೇ. ಅವನು ಅಲ್ಲಿಯ ಊರಿನವನೊಬ್ಬನನ್ನು ಪಾಲಿಗೆ ಸೇರಿಸಿಕೊಂಡು ವಸತಿಗೃಹ ನಡೆಸುತ್ತಾನೆ. ಹಿಮ ನೋಡಲು ಹೋಗುವ ನಮ್ಮ ಜೈನರು ಅಲ್ಲಿ ಉಳಿಯುತ್ತಾರೆ. ಬಟಾಟೆ, ಈರುಳ್ಳಿ, ಬೆಳ್ಳುಳ್ಳಿ ಮುಟ್ಟದೆ, ಹೊತ್ತು ಮುಳುಗುವ ಮೊದಲು ಉಣ್ಣುವ ಜನಕ್ಕೆ ಅಡುಗೆ ಮಾಡುವವರು ಅಲ್ಲಿ ಸಿಗುವುದಿಲ್ಲ. ನಾನು ಇಪ್ಪತ್ತಾರು ವರ್ಷದಿಂದ ಬಸದಿಯ ಪೂಜೆಗೂ ಮದುವೆಗೂ ಅದನ್ನೇ ಮಾಡುತ್ತಿದ್ದೇನೆ. ಬರುತ್ತೇನೆ, ಆದರೆ ದಿನಾ ತರಕಾರಿ ಮಾರ್ಕೆಟಿಗೆ ಹೋಗುವ ವ್ಯಾನು ನಾನೇ ಓಡಿಸುವುದು ಎಂದೆ. ಹಂಡೆ, ಕಡಾಯಿ ಎಲ್ಲ ನನ್ನ ಓಮ್ನಿಯಲ್ಲಿ ನಾನೇ ಸಾಗಿಸಿದವಳು, ಹಿಂದಿನ ಸೀಟಿನಲ್ಲಿ ಅಕ್ಕಿಮೂಟೆಯ ಹಾಗೆ ಕೂರುವುದಿಲ್ಲ.

ಅವನು ಒಪ್ಪಿದ, ತನ್ನದೊಂದು ಶರತ್ತು ಹಾಕಿ. ಆ ಊರಿನಲ್ಲಿ ಹಾರ್ನ್ ಹಾಕಿದರೆ ದಂಡವಂತೆ. "ನೀವು ಹಾರ್ನಿನಲ್ಲೇ ಮಾತಾಡುವವ್ರು ಅತ್ತೆ. ಎರಡು ತಿಂಗಳು ಅಲ್ಲೇ ನಮ್ಮೂರಲ್ಲಿ ಹಾರ್ನ್ ಮುಟ್ಟದೆ ಓಡಿಸಿ ತೋರಿಸಿ. ಒಂದು ಸಲ ಒತ್ತಿದ್ರೂ ವ್ಯಾನು ಬೇರೆಯವ್ರಿಗೆ. ಕಾರಣ ಹೇಳ್ಬೇಡಿ, ಕಾರಣ ನಿಮ್ಮ ಹತ್ರ ಯಾವಾಗ್ಲೂ ನೂರುಂಟು."

ಸಾಕ್ಷಿ ಯಾರು? ಅವನ ಅಪ್ಪ, ನನ್ನ ತಮ್ಮ ಅಭಯಚಂದ್ರ. ನನ್ನ ಓಮ್ನಿ ಮಾರಲು ಬೆಳ್ತಂಗಡಿಯಲ್ಲಿ ಗಿರಾಕಿ ಹುಡುಕಿಟ್ಟವನು. "ಸಾಕು ಅಕ್ಕ, ಇನ್ನು ಕೂತು ತಿನ್ನು" ಎನ್ನುತ್ತಾನೆ. ಈ ನಾರಾವಿಯ ಮನೆಯಲ್ಲಿ ಕೂತು ತಿನ್ನುವುದು ಎಂದರೆ ಕೂತು ತೆಂಗಿನಕಾಯಿ ತುರಿಯುವುದು. ಅವನ ಹೆಂಡತಿಗೆ ಮಂಡಿನೋವು. ನನ್ನ ಮಂಡಿ ಗಟ್ಟಿ ಇರುವುದೇ ನನ್ನ ತಪ್ಪು.

ವ್ಯಾನು ಸಿಗದಿದ್ದರೆ ನಾನು ಕಾಠ್ಮಂಡುವಿಗೆ ಹೋಗುವುದಿಲ್ಲ. ಹೋಗದಿದ್ದರೆ ಓಮ್ನಿಯೂ ಹೋಗುತ್ತದೆ, ಸೋತರೆ ಅದನ್ನು ಮಾರಬೇಕೆಂದು ತಮ್ಮ ಮೊದಲೇ ಮಾತು ತೆಗೆದುಕೊಂಡಿದ್ದಾನೆ. ಲೆಕ್ಕ ಬುಧವಾರದಿಂದ.

ಅಕ್ಟೋಬರ್ 7, ಮಂಗಳವಾರ

ಅಭ್ಯಾಸಕ್ಕೆ ಮೂಡುಬಿದಿರೆಗೆ ಹೋಗಿ ಬಂದೆ. ಮೂವತ್ತೊಂದು ಸಲ ಒತ್ತಿದ್ದೇನೆ.

ಕೈ ನನ್ನ ಮಾತು ಕೇಳುವುದಿಲ್ಲ. ನಾಯಿಗೆ ಒತ್ತಿತು, ಅದು ಸರಿ. ನಾಯಿಯ ಹಿಂದೆ ನಡು ರಸ್ತೆಯಲ್ಲಿ ಫೋನಿನಲ್ಲಿ ಮಾತಾಡುತ್ತ ಹೋಗುತ್ತಿದ್ದ ಪಂಚಾಯತಿ ಮೆಂಬರನಿಗೆ ಒತ್ತಿತು, ಅದೂ ಸರಿ. ದೈವದ ಕಟ್ಟೆಯ ಎದುರು ಎಲ್ಲರೂ ಒಂದು ಸಣ್ಣ ಪೀಂ ಕೊಟ್ಟು ಹೋಗುತ್ತಾರೆ, ನಾನೂ ಕೊಟ್ಟೆ. ಆದರೆ ಖಾಲಿ ರಸ್ತೆಯಲ್ಲಿ, ಒಂದು ಹಕ್ಕಿಯೂ ಇಲ್ಲದಲ್ಲಿ, ಎರಡು ಸಲ ಒತ್ತಿದೆ. ಯಾಕೆಂದು ತಿಳಿಯಲಿಲ್ಲ. ಯಾರೂ ಇಲ್ಲವಲ್ಲ ಎಂದು ಸಿಟ್ಟು ಬಂದಿರಬೇಕು.

ಅಕ್ಟೋಬರ್ 8, ಬುಧವಾರ

ಕೈಯನ್ನು ನಂಬಿ ಪ್ರಯೋಜನವಿಲ್ಲ ಎಂದು ಬೆಳಿಗ್ಗೆಯೇ ಪಾಣೆಮಂಗಳೂರಿನ ಅಸ್ಕರನ ಗ್ಯಾರೇಜಿಗೆ ಹೋದೆ. ಓಮ್ನಿ ಹೊಸತಿದ್ದಾಗಿನಿಂದ ಅದರ ಹೊಟ್ಟೆ ಬಿಚ್ಚಿ ನೋಡಿದವನು ಅವನೊಬ್ಬನೇ.

"ಹಾರ್ನಿನ ವಯರು ಕಿತ್ತು ಹಾಕು" ಎಂದೆ.

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಯಶೋಧಕ್ಕ, ಬ್ರೇಕ್ ತೆಗಿ ಅಂತ ಹೇಳಿ, ಯೋಚನೆ ಮಾಡ್ತೇನೆ. ಹಾರ್ನ್ ತೆಗೀಲಿಕ್ಕೆ ಹೇಳ್ಬೇಡಿ. ನೀವು ಬರುದು ಗೊತ್ತಾಗದಿದ್ರೆ ಊರಿನವ್ರ ಗತಿ ಎಂತ?"

"ನಾನು ನೇಪಾಳಕ್ಕೆ ಹೋಗ್ತೇನೆ. ಅಲ್ಲಿ ಹಾರ್ನ್ ಹಾಕ್ಲಿಕ್ಕಿಲ್ಲ."

"ನೀವು ಬರುದು ಅವ್ರಿಗೆ ಗೊತ್ತುಂಟಾ?"

"ಇಲ್ಲ."

"ಗೊತ್ತುಂಟು. ಇಲ್ಲದಿದ್ರೆ ಹಾರ್ನ್ ಯಾಕೆ ಮೊದ್ಲೇ ನಿಲ್ಸಿದ್ರು?"

ವಯರು ಕೀಳಲು ಅವನು ಒಪ್ಪಲೇ ಇಲ್ಲ. ಕಿತ್ತರೆ ಗಾಡಿ ಕಲಿಯುತ್ತದೆ, ನೀವು ಕಲಿಯುವುದಿಲ್ಲ ಎಂದ. ಪಕ್ಕದಲ್ಲಿ ಒಂದು ಜೀಪು ನಿಂತಿತ್ತು, ಮಸ್ಕತ್ತಿನಿಂದ ರಜೆಗೆ ಬಂದವನದ್ದು. ಹನ್ನೊಂದು ತಿಂಗಳು ಟಾರ್ಪಾಲು ಹೊದ್ದು ಮಲಗಿ ಒಂದು ತಿಂಗಳು ಓಡುವ ಗಾಡಿ. ಸೈಲೆನ್ಸರಿನ ಶಬ್ದ ಇನ್ನೂ ಜೋರು ಮಾಡಲು ತಂದು ಬಿಟ್ಟಿದ್ದಾನಂತೆ. ಶಬ್ದ ಹೆಚ್ಚಿಸುವವನಿಗೆ ಅಸ್ಕರ್ ರಿಪೇರಿ ಮಾಡಿಕೊಡುತ್ತಾನೆ, ಶಬ್ದ ನಿಲ್ಲಿಸಲು ಬಂದವಳಿಗೆ ಉಪದೇಶ.

ಮನೆಗೆ ಬರುವವರೆಗೆ ಬಲಗೈಯ ಮೇಲೆ ಎಡಗೈ ಇಟ್ಟುಕೊಂಡೇ ಓಡಿಸಿದೆ. ಗೇರು ಹಾಕುವಾಗ ಮಾತ್ರ ಭಯವಾಯಿತು. ಒತ್ತಲಿಲ್ಲ.

ಅಕ್ಟೋಬರ್ 12, ಭಾನುವಾರ

ಪೂವಮ್ಮನಿಗೆ ಕೋಪ ಬಂದಿದೆ.

ಪೂವಮ್ಮ ನನಗೆ ದೂರದ ಸಂಬಂಧ. ವಾಮದಪದವು ದಾಟಿ ಅರ್ಧ ಮೈಲಿಗೆ ಅವಳ ಮನೆ, ರಸ್ತೆಗೆ ತಾಗಿಯೇ ಇದೆ. ಬಂಟ್ವಾಳಕ್ಕೆ ಹೋಗುವಾಗಲೆಲ್ಲ ಅಲ್ಲಿ ಎರಡು ಸಣ್ಣ ಪೀಂ ಕೊಡುತ್ತೇನೆ. ಯಶೋಧಾ ಹೋದಳು ಎಂದು ಅವಳಿಗೆ ತಿಳಿಯುತ್ತದೆ. ಒಂದು ಉದ್ದ ಪೀಂ ಎಂದರೆ ಗೇಟು ತೆಗಿ, ಇಳಿಯುತ್ತೇನೆ ಎಂದು ಅರ್ಥ. ಸಂಬಂಧಿಕರ ಮನೆಯ ಎದುರು ಹಾರ್ನ್ ಹಾಕದೆ ಹೋಗುವುದು ಎಂದರೆ ಮುಖ ತಿರುಗಿಸಿ ಹೋದ ಹಾಗೆ. ಈ ವಾರದಲ್ಲಿ ಮೂರು ಸಲ ಸುಮ್ಮನೆ ಹೋದೆ. ನಿನ್ನೆ ಫೋನು ಬಂತು.

"ಎಂತ ಯಶೋಧಾ, ನಮ್ಮ ಮನೆ ಈಗ ಕಣ್ಣಿಗೆ ಕಾಣುದಿಲ್ವಾ? ನೇಪಾಳಕ್ಕೆ ಹೋಗುವವಳು ಅಂತ ಜಂಬ ಬಂತಾ?"

ಫೋನಿನಲ್ಲಿ ಹೇಳಿದರೆ ಅವಳ ತಲೆಗೆ ಹೋಗುವುದಿಲ್ಲ. ಇವತ್ತು ಗಾಡಿ ನಿಲ್ಲಿಸಿ, ಇಳಿದು, ಗೇಟು ನಾನೇ ತೆಗೆದು ಒಳಗೆ ಹೋದೆ. ಜಗಲಿಯಲ್ಲಿ ಅವಳ ಗಂಡ ಸೊಂಟಕ್ಕೆ ಪಟ್ಟಿ ಬಿಗಿದು ಕುಳಿತಿದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದದ್ದಂತೆ.

"ಯಾವಾಗ?" ಎಂದೆ.

"ಆಷಾಢದಲ್ಲಿ" ಎಂದಳು ಪೂವಮ್ಮ.

"ನನಗೆ ಹೇಳ್ಲಿಲ್ಲ ನೀನು."

"ಹೇಳ್ಲಿಕ್ಕೆ ನೀನು ನಿಲ್ಬೇಕಲ್ಲ ಮಾರಾಯ್ತಿ. ಪೀಂ ಪೀಂ ಅಂತ ಹೋಗ್ತಿ, ನಾನು ಒಳಗಿಂದ ಹೂಂ ಹೂಂ ಅಂತೇನೆ."

ಬಾಯಿಗೆ ಬಂದದ್ದನ್ನು ನುಂಗಿ ಒಂದು ಲೋಟ ಕಷಾಯ ಕುಡಿದು ಬಂದೆ. ಮುಕ್ಕಾಲು ಗಂಟೆ ದಂಡ. ಹಾರ್ನ್ ಇದ್ದಿದ್ದರೆ ಎರಡು ಸೆಕೆಂಡಿನ ಕೆಲಸ.

ಅಕ್ಟೋಬರ್ 16, ಗುರುವಾರ

ಬಸ್ಸಿನವ ಹಿಂದಿನಿಂದ ಸಂಗೀತದ ಹಾರ್ನ್ ಬಾರಿಸುತ್ತ ನನ್ನನ್ನು ಚರಂಡಿಗೆ ಇಳಿಸಿದ. ಅವನಿಗೆ ಮರ್ಯಾದೆ, ನನಗೆ ವ್ರತ. ಕಿಟಕಿಯಿಂದ ತಲೆ ಹಾಕಿ ಅವನ ಮೂರು ತಲೆಮಾರಿಗೆ ಬೈದೆ. ಬಾಯಿಗೆ ಶರತ್ತು ಇಲ್ಲ. ಒತ್ತಲಿಲ್ಲ.

ಸಂಜೆ ಚಪಾತಿ ಹಿಟ್ಟು ನಾದುವಾಗ ಉಂಡೆಯ ನಡುವಿಗೆ ಹಾರ್ನಿಗೆ ಒತ್ತಿದ ಹಾಗೆ ಹೆಬ್ಬೆರಳು ಒತ್ತಿ ಹಿಡಿದಿದ್ದೆ. ತಮ್ಮನ ಹೆಂಡತಿ ನೋಡಿ ನಕ್ಕಳು. ಅವಳ ಮಂಡಿಗೆ ನೋವಿದ್ದರೂ ಹಲ್ಲಿಗೆ ಇಲ್ಲ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿ. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣ ಪೂಜೆ ಮುಗಿಸಿ ಬಂದೆವು. ಶ್ರೇಯಾಂಸ್ ವಿಡಿಯೋದಲ್ಲಿ ಬಂದು ಅಲ್ಲಿಯ ರಸ್ತೆ ತೋರಿಸಿದ. ನೋಡಲು ನಮ್ಮ ಮೂಡುಬಿದಿರೆ ಪೇಟೆಯ ಹಾಗೆಯೇ ಉಂಟು, ಬೈಕುಗಳೇ ಜಾಸ್ತಿ. ಕಾರು ತೆಗೆಯುವುದು ಅಲ್ಲಿ ಮನೆ ಕಟ್ಟಿದ ಹಾಗಂತೆ. ಸುಂಕ ಸೇರಿ ಇಲ್ಲಿಯ ಎರಡು ಮೂರು ಕಾರಿನ ಬೆಲೆಗೆ ಅಲ್ಲಿ ಒಂದು. ಇಲ್ಲಿ ಕಾಲೇಜು ಮಕ್ಕಳು ಹೊಡೆದು ಬಿಸಾಡುವ ಸಣ್ಣ ಕಾರನ್ನು ಅಲ್ಲಿ ಒಬ್ಬ ಆಫೀಸರ್ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆಯುತ್ತಿದ್ದ.

"ನಮ್ಮ ಓಮ್ನಿ ಅಲ್ಲಿಗೆ ತರ್ತೇನೆ" ಎಂದೆ.

"ತಂದ್ರೆ ಸುಂಕ ಕಟ್ಲಿಕ್ಕೆ ನಿಮ್ಮ ತಮ್ಮನ ತೋಟ ಮಾರ್ಬೇಕು ಅತ್ತೆ."

ತಮ್ಮ ಸೋಫಾದಲ್ಲಿ ನೆಟ್ಟಗೆ ಕುಳಿತ.

ಮತ್ತೆ ಶ್ರೇಯಾಂಸ್ ಹೇಳಿದ್ದು: ಸಂಜೆ ಮೇಲೆ ಪೊಲೀಸರು ಗಾಡಿ ನಿಲ್ಲಿಸಿ ಬಾಯಿ ಊದಿಸುತ್ತಾರಂತೆ, ಕುಡಿದಿದ್ದರೆ ಅಲ್ಲೇ ಇಳಿಸುತ್ತಾರಂತೆ. ಊದಲಿ, ನನ್ನ ಬಾಯಲ್ಲಿ ಕೊತ್ತಂಬರಿ ಸಾರಿನ ಪರಿಮಳ ಬಂದೀತು. ನವಮಿಯ ದಿನ ಅಲ್ಲಿ ಗಾಡಿಗೆ ಪೂಜೆ, ಕೆಲವರು ಕೋಳಿ ಆಡು ಕಡಿದು ಚಕ್ರಕ್ಕೆ ರಕ್ತ ಹಚ್ಚುತ್ತಾರಂತೆ. ನನ್ನ ಮುಖ ನೋಡಿ ಅವನೇ ಹೇಳಿದ, "ನಮ್ಮ ವ್ಯಾನಿಗೆ ತೆಂಗಿನಕಾಯಿ ಮಾತ್ರ ಅತ್ತೆ. ಪಾಲುದಾರರ ಹತ್ರ ಮೊದ್ಲೇ ಮಾತಾಡಿದ್ದೇನೆ."

"ಮಾತಾಡಿದ್ದಿ ಸರಿ. ನಾನು ಬಂದ ಮೇಲೆ ಇನ್ನೊಮ್ಮೆ ಮಾತಾಡ್ತೇನೆ."

"ಅದಕ್ಕೇ ಹೆದರಿಕೆ" ಎಂದ.

ಮಧ್ಯಾಹ್ನ ಬೆಳ್ತಂಗಡಿಯ ಗಿರಾಕಿ ಬಂದ, ಉಜ್ವಲ್ ಎಂದು ಹೆಸರು. ಹಬ್ಬದ ದಿನ ಗಾಡಿ ನೋಡಲು ಬರುವ ಜನವೂ ಉಂಟು. ಓಮ್ನಿಯ ಚಕ್ರಕ್ಕೆ ಕಾಲಲ್ಲಿ ಒದ್ದು ನೋಡಿದ. ನಾನು ಹೋಗಿ ಅವನ ಬೈಕಿನ ಚಕ್ರಕ್ಕೆ ಒದ್ದೆ.

"ಎಂತ ಮಾಡ್ತೀರಿ ಅಮ್ಮ?" ಎಂದ.

"ನಾನೂ ನೋಡಿದ್ದು" ಎಂದೆ.

ತಮ್ಮ ಅವನನ್ನು ಬದಿಗೆ ಕರೆದು ಮಾತಾಡಿದ. ಡಿಸೆಂಬರ್ ಏಳಕ್ಕೆ ಬರಲು ಹೇಳಿದ್ದು ಕಿವಿಗೆ ಬಿತ್ತು. ಅದು ನನ್ನ ಎರಡು ತಿಂಗಳು ಮುಗಿಯುವ ದಿನ. ನಾನು ಒತ್ತಿಯೇ ಒತ್ತುತ್ತೇನೆ ಎಂದು ಅವನಿಗೆ ಅಷ್ಟು ನಂಬಿಕೆ.

ಅಕ್ಟೋಬರ್ 29, ಬುಧವಾರ

ಧರ್ಣಪ್ಪ ಎನ್ನುವವನು ವಾಮದಪದವಿನಲ್ಲಿ ರಿಕ್ಷಾ ಓಡಿಸುತ್ತಾನೆ. ಆರು ವರ್ಷದಿಂದ ಅವನಿಗೂ ನನಗೂ ಆಗುವುದಿಲ್ಲ. ಸಾಮಾನಿನ ಅಂಗಡಿಗೆ ತಿರುಗುವ ಕಡೆಯೇ ಅವನು ರಿಕ್ಷಾ ಅಡ್ಡ ಇಟ್ಟು ಚಹಾಕ್ಕೆ ಹೋಗುತ್ತಾನೆ. ನಾನು ಹಾರ್ನಿನ ಮೇಲೆ ಕೈ ಇಟ್ಟು ಅವನು ಬರುವವರೆಗೆ ತೆಗೆಯುವುದಿಲ್ಲ. ಅವನು ಬೇಕೆಂದೇ ಚಹಾ ಆರಿಸಿ ಕುಡಿಯುತ್ತಾನೆ. ಅದು ನಮ್ಮಿಬ್ಬರ ಪದ್ಧತಿ.

ಇವತ್ತೂ ರಿಕ್ಷಾ ಅಡ್ಡ ಇತ್ತು. ಎಂಜಿನ್ ಬಂದ್ ಮಾಡಿ ಕುಳಿತೆ. ಹತ್ತು ನಿಮಿಷ ಆಗಿರಬಹುದು. ಹೋಟೆಲಿನ ಬಾಗಿಲಿಗೆ ಬಂದು ಇಣುಕಿದ, ಒಳಗೆ ಹೋದ, ಪುನಃ ಇಣುಕಿದ. ಕೊನೆಗೆ ಲೋಟ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಿಟಕಿಗೆ ಬಂದ.

"ಯಶೋಧಕ್ಕ, ಸೌಖ್ಯ ಉಂಟಲ್ಲ?"

"ಉಂಟು."

"ಎದೆನೋವು ಗಿದೆನೋವು?"

"ಇಲ್ಲ. ನೀನು ಚಹಾ ಕುಡಿ. ನಾನು ಕಾಯ್ತೇನೆ."

ಅವನ ಮುಖ ನೋಡಬೇಕಿತ್ತು. "ಹಾಗೆ ಹೇಳ್ಬೇಡಿ ಮಾರಾಯ್ರೆ, ಹೆದರಿಕೆ ಆಗ್ತದೆ. ಒಮ್ಮೆ ಬೈದು ಬಿಡಿ, ಇಬ್ರಿಗೂ ಸಮಾಧಾನ."

ಚಹಾ ಅರ್ಧಕ್ಕೆ ಚೆಲ್ಲಿ ರಿಕ್ಷಾ ತೆಗೆದ. ನೇಪಾಳದ ಶರತ್ತು ಹೇಳಿದ ಮೇಲೆ ತುಂಬ ಹೊತ್ತು ನಕ್ಕ. ಇನ್ನು ಡಿಸೆಂಬರ್ ಏಳರವರೆಗೆ ರಿಕ್ಷಾ ಆಚೆ ಬದಿ ಇಡುತ್ತೇನೆ, ಆಮೇಲೆ ಹಳೇ ಜಾಗ ಎಂದ. ಅವನಿಗೆ ಇಬ್ಬರು ಹೆಣ್ಣುಮಕ್ಕಳಂತೆ, ದೊಡ್ಡವಳು ನರ್ಸಿಂಗ್ ಓದುತ್ತಾಳಂತೆ. ಆರು ವರ್ಷ ಜಗಳವಾಡಿದರೂ ಇದು ಗೊತ್ತಿರಲಿಲ್ಲ. ಗೊತ್ತಿದ್ದು ನನಗೇನಾಗಬೇಕು.

ನವೆಂಬರ್ 9, ಭಾನುವಾರ

ಇವತ್ತಿನ ಊಟ ಹೋಯಿತು.

ಮೂಡುಬಿದಿರೆಯಲ್ಲಿ ಮದುವೆಯ ಅಡುಗೆ ಮುಗಿಸಿ ಐದಕ್ಕೆ ಹೊರಟೆ. ಬಡಿಸಿದವರಿಗೆ ಅಲ್ಲಿ ಊಟ ಇಳಿಯುವುದಿಲ್ಲ. ಹೊತ್ತು ಮುಳುಗುವುದು ಆರಕ್ಕೆ, ಮನೆಗೆ ಬಂದು ನೆಮ್ಮದಿಯಲ್ಲಿ ಉಣ್ಣುವ ಲೆಕ್ಕ. ದಾರಿಯಲ್ಲಿ ಇನ್ಯಾರದ್ದೋ ಮದುವೆಯ ಕಾರುಗಳು, ಹದಿನಾಲ್ಕು. ಎಲ್ಲ ಲಾರಿಯಷ್ಟು ಎತ್ತರ, ಒಳಗೆ ಒಬ್ಬೊಬ್ಬರೇ. ರಸ್ತೆಗೆ ಅಡ್ಡ ನಿಲ್ಲಿಸಿ ಮೇಲೆ ಡ್ರೋನು ಹಾರಿಸುತ್ತಿದ್ದಾರೆ. ಮದುಮಗ ಕಪ್ಪು ಕನ್ನಡಕ ಹಾಕಿ ಬಾನೆಟ್ಟಿನ ಮೇಲೆ ಕುಳಿತಿದ್ದಾನೆ, ಮದುಮಗಳು ಒಳಗೆ ಎಸಿಯಲ್ಲಿ ಕುಳಿತು ಫೋನು ನೋಡುತ್ತಿದ್ದಾಳೆ. ಇವನು ಮದುವೆಯಾದದ್ದು ಕಾರನ್ನೋ ಎಂದು ಸಂಶಯ ಬರಬೇಕು.

ಮೊದಲಾಗಿದ್ದರೆ ನನ್ನ ಓಮ್ನಿಯ ಹಾರ್ನಿಗೆ ಡ್ರೋನು ಕೆಳಗೆ ಬೀಳುತ್ತಿತ್ತು. ಇವತ್ತು ಇಳಿದು ಹೋಗಿ ಮದುಮಗನ ಹತ್ತಿರ ನಿಂತೆ.

"ಎಂತ ಅಜ್ಜಿ, ಫೋಟೋದಲ್ಲಿ ಬರ್ಬೇಕಾ?" ಎಂದ.

"ಹೊತ್ತು ಮುಳುಗಿದ ಮೇಲೆ ನಾನು ಉಣ್ಣುದಿಲ್ಲ ಮಗಾ. ದಾರಿ ಕೊಟ್ರೆ ಊಟ, ಇಲ್ಲದಿದ್ರೆ ಉಪವಾಸ."

ಪಾಪ, ಇಳಿದ. ಆದರೆ ಹದಿನಾಲ್ಕು ಕಾರು ಒಂದು ಬದಿಗೆ ಸರಿಯಬೇಕಾದರೆ ಹದಿನಾಲ್ಕು ಜನಕ್ಕೆ ರಿವರ್ಸ್ ಗೊತ್ತಿರಬೇಕು. ಮೂವರಿಗೆ ಗೊತ್ತಿತ್ತು. ನಾರಾವಿಗೆ ಬರುವಾಗ ದೀಪ ಹಚ್ಚಿದ್ದರು. ತಮ್ಮನ ಮನೆಯಲ್ಲಿ ಎಲ್ಲರದ್ದೂ ಊಟ ಆಗಿತ್ತು.

"ಒಮ್ಮೆ ಒತ್ತಿದ್ರೆ ಆಗ್ತಿತ್ತಲ್ಲ ಅಕ್ಕ" ಎಂದ ತಮ್ಮ, ಬಹಳ ಕರುಣೆಯಿಂದ.

ಇವನದ್ದೂ ಅಂಥದ್ದೇ ಕಾರು, ಮೇಲ್ಛಾವಣಿ ತೆರೆಯುವಂಥದ್ದು. ಕಾರಿನ ತಲೆ ತೆರೆಯುತ್ತದೆ, ಓಡಿಸುವವನದ್ದು ತೆರೆಯುವುದಿಲ್ಲ. ನೀರು ಕೂಡ ಕುಡಿಯದೆ ಮಲಗುತ್ತೇನೆ. ಒತ್ತಲಿಲ್ಲ.

ನವೆಂಬರ್ 14, ಶುಕ್ರವಾರ

ಬಂಟ್ವಾಳಕ್ಕೆ ಹೋಗಿ ಬಂದೆ. ಬರೆಯಲು ಏನೂ ಇಲ್ಲ. ಹೋಗುವಾಗ ಪೂವಮ್ಮನ ಗಂಡನಿಗೆ ಎಣ್ಣೆ ಕೊಟ್ಟೆ, ಬರುವಾಗ ಧರ್ಣಪ್ಪನ ಮಗಳನ್ನು ಬಸ್‌ಸ್ಟ್ಯಾಂಡಿನಿಂದ ಹತ್ತಿಸಿಕೊಂಡೆ. ದನ ಅಡ್ಡ ಮಲಗಿತ್ತು, ಅದು ಏಳುವವರೆಗೆ ನಿಂತೆ. ಯಾರಿಗೂ ಬೈಯಲಿಲ್ಲ. ಶೀತ ಬರುವ ಲಕ್ಷಣ ಇರಬೇಕು.

ನವೆಂಬರ್ 23, ಭಾನುವಾರ

ಒತ್ತಿದೆ.

ಮೊದಲಿನಿಂದ ಬರೆಯುತ್ತೇನೆ. ಪೂವಮ್ಮನ ಗಂಡ ಪಟ್ಟಿ ಬಿಚ್ಚಿ ನಡೆದಾಡುವಂತಾದರೆಂದು ಅವರ ಮನೆಯಲ್ಲಿ ಪೂಜೆ, ಅರವತ್ತು ಜನಕ್ಕೆ ಊಟ. ಅಡುಗೆ ನನ್ನದು. ಓಮ್ನಿಯಲ್ಲಿ ಹಿಡಿಯದ ಪಾತ್ರೆಗಳನ್ನು ಧರ್ಣಪ್ಪ ತನ್ನ ರಿಕ್ಷಾದಲ್ಲಿ ತಂದಿದ್ದ. ತಮ್ಮ ಹೆಂಡತಿಯ ಜೊತೆ ತನ್ನ ಆ ದೊಡ್ಡ ಕಾರಿನಲ್ಲಿ ಬಂದ. ಅಂಗಳ ಚಿಕ್ಕದು, ಕಾರು ಹನ್ನೊಂದು.

ಊಟವಾದ ಮೇಲೆ ನಾನು ಓಮ್ನಿಯಲ್ಲಿ ಕುಳಿತು ಹೊರಡಲು ಕಾಯುತ್ತಿದ್ದೆ. ಎದುರಿಗೆ ತಮ್ಮನ ಕಾರು. ಅದರ ಹಿಂದೆ ರಿಕ್ಷಾ, ರಿಕ್ಷಾಕ್ಕೂ ಕಾರಿಗೂ ನಡುವೆ ಧರ್ಣಪ್ಪ ಕುಕ್ಕರುಗಾಲಿನಲ್ಲಿ ಕುಳಿತು ಪಾತ್ರೆಗೆ ಹಗ್ಗ ಬಿಗಿಯುತ್ತಿದ್ದ. ತಮ್ಮ ಕಾರು ಹತ್ತಿ ರಿವರ್ಸ್ ಹಾಕಿದ. ಅವನು ತಿರುಗಿ ನೋಡುವವನಲ್ಲ, ಎದುರಿನ ಟಿವಿಯನ್ನೇ ನೋಡುವವನು. ಹಿಂದಿನ ಕ್ಯಾಮರಾಕ್ಕೆ ಮೊನ್ನೆಯ ಕೆಸರು ಹಾಗೆಯೇ ಮೆತ್ತಿತ್ತು. ಕಾರು ಟೀಂ ಟೀಂ ಎಂದು ಬಡಿದುಕೊಂಡಿರಬೇಕು, ಅದು ಗೋಡೆಗೂ ಬಡಿದುಕೊಳ್ಳುತ್ತದೆ, ಗಿಡಕ್ಕೂ ಬಡಿದುಕೊಳ್ಳುತ್ತದೆ, ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಧರ್ಣಪ್ಪನ ಬೆನ್ನು ಕಾರಿನ ಕಡೆ. ಕೂಗಿದೆ, ಕೇಳಲಿಲ್ಲ. ಕಾರಿನ ಗಾಜು ಏರಿಸಿತ್ತು, ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ಎರಡೂ ಕೈ ಇಟ್ಟು ಒತ್ತಿದೆ. ಬಿಡಲಿಲ್ಲ.

ತಮ್ಮ ಬ್ರೇಕ್ ಹಾಕಿದ. ಧರ್ಣಪ್ಪ ಬದಿಗೆ ಉರುಳಿದ. ಕಾರಿನ ಬಂಪರ್ ಅವನ ಕಣಕಾಲು ಸವರಿ ನಿಂತಿತು, ಚರ್ಮ ಹೋಗಿದೆ, ಮೂಳೆ ಉಳಿದಿದೆ. ಅವನು ನೆಲದಲ್ಲೇ ಕುಳಿತು ನನ್ನನ್ನು ನೋಡಿದ.

"ಯಶೋಧಕ್ಕ, ಆರು ವರ್ಷದಲ್ಲಿ ನಿಮ್ಮ ಹಾರ್ನ್ ಕೇಳಿ ಖುಷಿ ಆದದ್ದು ಇವತ್ತೇ."

ತಮ್ಮ ಇಳಿದು ಬಂದ. ಮುಖ ಬೆಳ್ಳಗಾಗಿತ್ತು. ಒಂದು ಸಲ ಧರ್ಣಪ್ಪನ ಕಾಲು ನೋಡಿದ, ಒಂದು ಸಲ ಸುತ್ತ ನಿಂತವರನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ನೋಡಿದ್ರಾ, ಅಕ್ಕನಿಗೆ ಎರಡು ನಿಮಿಷ ಕಾಯ್ಲಿಕ್ಕೆ ಆಗುದಿಲ್ಲ. ನಾನು ಹೇಗೂ ನಿ‍ಲ್ಲಿಸ್ತಿದ್ದೆ. ಆಯ್ತು, ನೇಪಾಳ ಇಲ್ಲಿಗೇ ಮುಗೀತು."

ಪೂವಮ್ಮ ಬಾಯಿ ತೆರೆದಳು. ನಾನು ಕಣ್ಣಲ್ಲೇ ಬೇಡ ಎಂದೆ. ಯಾಕೆ ಬೇಡ ಎಂದೆನೋ ಗೊತ್ತಿಲ್ಲ. ಧರ್ಣಪ್ಪನನ್ನು ಓಮ್ನಿಯಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ನವೆಂಬರ್ 24, ಸೋಮವಾರ

ತಮ್ಮ ನಿನ್ನೆ ಸಂಜೆಯೇ ಮಗನಿಗೆ ಫೋನು ಮಾಡಿದ್ದಾನೆ. ಇವತ್ತು ಶ್ರೇಯಾಂಸನ ಧ್ವನಿ ಬಂತು ವಾಟ್ಸಾಪಿನಲ್ಲಿ. ಎರಡು ಸಲ ಹಾಕಿ ಕೇಳಿದೆ.

"ಅತ್ತೆ, ಅಪ್ಪ ಹೇಳಿದ್ರು, ಪಾರ್ಕಿಂಗಿನಲ್ಲಿ ದಾರಿ ಬಿಡ್ಲಿಲ್ಲ ಅಂತ ಹಾರ್ನ್ ಹಾಕಿದ್ರಿ ಅಂತೆ. ನಲವತ್ತಾರು ದಿನ ಹಿಡಿದಿಟ್ಟು ಅಷ್ಟಕ್ಕೆ ಬಿಟ್ರಲ್ಲ. ಶರತ್ತು ಶರತ್ತೇ ಅತ್ತೆ. ಪಾಲುದಾರರು ಬೇರೆ ಡ್ರೈವರ್ ನೋಡಿದ್ದಾರೆ. ಅಡುಗೆಗೆ ಬನ್ನಿ ನೀವು. ವ್ಯಾನಿನದ್ದು ಮತ್ತೆ ನೋಡುವ."

ದಾರಿ ಬಿಡಲಿಲ್ಲ ಎಂದನಂತೆ ತಮ್ಮ. ಧರ್ಣಪ್ಪನ ಹೆಸರೇ ಇಲ್ಲ.

ಕೋಣೆಯಿಂದ ಹೊರಗೆ ಬಂದೆ. ತಮ್ಮ ಕಾಫಿ ಕುಡಿಯುತ್ತಿದ್ದ. ನಾನು ಎದುರಿಗೆ ಕುಳಿತೆ. ಅವನು ಲೋಟ ಕೆಳಗಿಟ್ಟ.

"ಎಂತ ಅಕ್ಕ?"

ನಾನು ಅವನ ಲೋಟ ಬದಿಗೆ ಸರಿಸಿದೆ.

"ಹೇಳ್ಲಿಕ್ಕಿದ್ರೆ ಹೇಳು."

ಮೂಲೆಯಲ್ಲಿದ್ದ ತೆಂಗಿನಕಾಯಿ ಅವನ ಎದುರು ಇಟ್ಟು ಎದ್ದು ಬಂದೆ. ಇವತ್ತು ಅವನೇ ತುರಿದುಕೊಳ್ಳಲಿ.

ನವೆಂಬರ್ 27, ಗುರುವಾರ

ಧರ್ಣಪ್ಪ ಕುಂಟುತ್ತ ನಾರಾವಿಗೆ ಬಂದಿದ್ದ, ಬಸ್ಸಿನಲ್ಲಿ. ಮಗಳು ಅವನ ಕಾಲಿನ ಫೋಟೋ ತೆಗೆದಿದ್ದಾಳೆ. ನೇಪಾಳದ ನಂಬರ್ ಕೊಡಿ, ನಾನೇ ಮಾತಾಡ್ತೇನೆ ಎಂದ. ಕೊಡಲಿಲ್ಲ. ಅವನು ಹೇಳಿದರೆ ಅಭಯಚಂದ್ರನಿಗೆ ಮಗನ ಎದುರು ಮುಖ ಇರುವುದಿಲ್ಲ. ತಮ್ಮನಿಗೆ ಮೂರು ದಿನ ಹೆಚ್ಚು ಕೊಡುವ ಎಂದುಕೊಂಡೆ. ಅವನೇ ಹೇಳಲಿ.

ಧರ್ಣಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. "ನೀವು ಬೈಯುದಿಲ್ವಾ?" ಎಂದ.

"ಯಾರಿಗೆ?"

"ಯಾರಿಗಾದ್ರೂ."

ಊಟ ಹಾಕಿ, ಅವನನ್ನು ವಾಪಸು ವಾಮದಪದವಿಗೆ ಬಿಟ್ಟು ಬಂದೆ. ದಾರಿಯಲ್ಲಿ ಹಾರ್ನ್ ಒತ್ತಲಿಲ್ಲ. ಇನ್ನು ಒತ್ತಿದರೂ ಹೋಗುವುದು ಏನೂ ಇಲ್ಲ, ಆದರೂ ಒತ್ತಲಿಲ್ಲ. ಮರೆತು ಹೋಯಿತು.

ನವೆಂಬರ್ 30, ಭಾನುವಾರ

ಮೂರು ದಿನ ಮುಗಿಯಿತು. ತಮ್ಮ ನಿನ್ನೆ ಕಾರಿನ ಕ್ಯಾಮರಾ ಒರೆಸುತ್ತಿದ್ದ. ನಾನು ನೋಡುವುದು ಕಂಡು ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ. ಉಜ್ವಲ್ ಏಳಕ್ಕೆ ಬರುತ್ತಾನೆ, ಓಮ್ನಿಯ ಕಾಗದಪತ್ರ ತೆಗೆದಿಡು ಎಂದ. ಮಗನ ವಿಷಯ ಎತ್ತಲಿಲ್ಲ.

ಸಾಕು ಕಾದದ್ದು. ಕೆಳಗಿನದ್ದನ್ನು ಫೋಟೋ ತೆಗೆದು ಶ್ರೇಯಾಂಸನಿಗೆ ಕಳಿಸುತ್ತೇನೆ. ಈ ಒಂದು ಪುಟ ಮಾತ್ರ.

ಶ್ರೇಯಾಂಸ್, ನಾನು ಹಾರ್ನ್ ಒತ್ತಿದ್ದು ಹೌದು. ಯಾಕೆ ಎಂದು ನಾನು ಹೇಳುವುದಿಲ್ಲ, ಕಾರಣ ಹೇಳಬೇಡಿ ಎಂದು ನೀನೇ ಹೇಳಿದ್ದಿ. ನಿನ್ನ ಅಪ್ಪನಿಗೆ ಫೋನು ಮಾಡಿ ಒಂದೇ ಒಂದು ಮಾತು ಕೇಳು, ಕಾರಿನ ಹಿಂದೆ ಯಾರಿದ್ದರು ಎಂದು. ಅವನು ಯಾರೂ ಇರಲಿಲ್ಲ ಎಂದರೆ ವ್ಯಾನು ಬೇರೆಯವರಿಗೆ ಕೊಡು, ನನಗೆ ಅಡುಗೆಯೂ ಬೇಡ. ಇದ್ದರು ಎಂದರೆ, ಮುಂದಿನದ್ದು ಓದು.

ಅಲ್ಲಿಯೂ ಗಾಡಿಯ ಹಿಂದೆ ಮನುಷ್ಯನಿದ್ದರೆ ಒತ್ತುತ್ತೇನೆ, ಪೊಲೀಸರಿಗೆ ದಂಡ ಕಟ್ಟುತ್ತೇನೆ. ದನ, ನಾಯಿ, ಮದುವೆ ದಿಬ್ಬಣ, ದಾರಿ ಬಿಡದ ರಿಕ್ಷಾ, ಇವಕ್ಕೆ ಯಾವುದಕ್ಕೂ ಒತ್ತುವುದಿಲ್ಲ. ನಲವತ್ತಾರು ದಿನ ಒತ್ತಲಿಲ್ಲ. ಇಂಥ ಡ್ರೈವರ್ ನಿನ್ನ ಪಾಲುದಾರನಿಗೆ ಬೇಕೋ ಬೇಡವೋ ವಿಚಾರಿಸು.

ಏಳನೇ ತಾರೀಖಿಗೆ ಓಮ್ನಿ ನೋಡಲು ಜನ ಬರುತ್ತಾರೆ. ಅದರ ಮೊದಲು ನನಗೆ ಗೊತ್ತಾಗಬೇಕು. ನೋಡುವ, ಮಾಡುವ ಎಂದು ಬರೆಯಬೇಡ. ವ್ಯಾನು ನನಗೆ ಹೌದೋ ಅಲ್ಲವೋ, ಡಿಸೆಂಬರ್ ಐದು ಶುಕ್ರವಾರ, ಹೊತ್ತು ಮುಳುಗುವ ಮೊದಲು ಉತ್ತರ ಬೇಕು.